ಅಡಿಕೆಯ ಹೆಸರೆತ್ತಲು ಯಾಕಿಷ್ಟು ಸಂಕೋಚ?

ನಮಸ್ಕಾರ,

ನೀವು ಕಳುಹಿಸಿದ ‘ತಪ್ಪಿಸಬಹುದಾದ ರೋಗಗಳು’ ಲೇಖನವನ್ನು ಓದಿದೆ. ತಂಬಾಕು, ಮದ್ಯ, ಉಪ್ಪು, ಬೊಜ್ಜು, ಸೌದೆ ಒಲೆಯ ಹೊಗೆ, ಇವುಗಳಿಂದ ಬರುವ ಹೃದಯಾಘಾತ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲವನ್ನೂ ನಾಲ್ಕು ಪುಟಗಳಲ್ಲಿ ಅಡಕ ಮಾಡಿದ್ದೀರಿ. ಭಾಷೆ ಶುದ್ಧವಾಗಿದೆ, ಕಾಗುಣಿತ ತಪ್ಪಿಲ್ಲ. ಬರೀ ಇಷ್ಟೇ ಆಗಿದ್ದರೆ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗುತ್ತಿದ್ದೆ. ಇಂಥ ಲೇಖನಗಳು ನಮ್ಮ ಪತ್ರಿಕೆಯ ಕಚೇರಿಗೆ ಕಂತೆಗಟ್ಟಲೆ ಬರುತ್ತವೆ.

ಆದರೆ ಎರಡನೆಯ ಪುಟದ ನಡುವೆ ನಿಮ್ಮ ಚಿಕ್ಕಪ್ಪ ಬರುತ್ತಾರೆ. “ಮದುವೆಮನೆಯಲ್ಲಿ ಚಿಕ್ಕಪ್ಪ ಲಾಡನ್ನು ಕಚ್ಚಲಾಗದೆ ಪುಡಿ ಮಾಡಿ, ಬೆರಳ ತುದಿಯಿಂದ ಹಲ್ಲಿನ ಸಂದಿಯೊಳಗೆ ತಳ್ಳುತ್ತಿದ್ದರು. ಸಾರು ನಾಲಿಗೆಗೆ ತಾಗಿದರೆ ಕಣ್ಣಲ್ಲಿ ನೀರು.” ಇದನ್ನು ಓದಿದವನೇ ನನಗೆ ಗೊತ್ತಿಲ್ಲದಂತೆ ನನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಮೇಲಿನ ಹಲ್ಲು, ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿಕೊಂಡೆ. ದಂತವೈದ್ಯರು ಮಾಡುವ ಪರೀಕ್ಷೆಯದು. ದೊಡ್ಡವರ ಬಾಯಲ್ಲಿ ಅವರವರ ಮೂರು ಬೆರಳು ಹಿಡಿಸಬೇಕು. ನಿಮ್ಮ ಚಿಕ್ಕಪ್ಪನ ಬಾಯಲ್ಲಿ ಒಂದೂ ಹಿಡಿಸುತ್ತಿರಲಿಲ್ಲವೇನೋ.

ಮುಂದಿನ ವಾಕ್ಯದಲ್ಲಿ ನೀವೇನು ಬರೆದಿದ್ದೀರಿ ನೋಡಿ: “ಹೀಗೆ ಅರಿವಿಲ್ಲದ ಜನರು ತಮ್ಮ ನಿರ್ಲಕ್ಷ್ಯದಿಂದ ತಾವೇ ರೋಗ ತಂದುಕೊಳ್ಳುತ್ತಾರೆ.” ಅಲ್ಲಿಗೆ ಚಿಕ್ಕಪ್ಪನ ಕತೆ ಮುಗಿದು ಮದ್ಯಪಾನದ ಉಪಶೀರ್ಷಿಕೆ ಶುರು. ನನಗೆ ಸಿಟ್ಟು ಬಂದದ್ದು ಇಲ್ಲಿ. ಮದ್ಯ, ಉಪ್ಪು, ಬೊಜ್ಜಿನ ಭಾಗಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಈ ಒಂದು ಪುಟದ ಮೂರು ಕಡೆ ಪೆನ್ಸಿಲ್ ಗುರುತು ಹಾಕಿದ್ದೇನೆ, ಅಷ್ಟನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಮೊದಲ ಗುರುತು: “ಗುಟ್ಕಾದಲ್ಲಿರುವ ತಂಬಾಕಿನಿಂದ ಅವರ ಬಾಯಿ ತೆರೆಯದಂತಾಯಿತು.” ಇದು ತಪ್ಪು. ತಂಬಾಕು ನಿರಪರಾಧಿಯೇನಲ್ಲ, ಅದು ತರುವ ಕ್ಯಾನ್ಸರುಗಳ ಪಟ್ಟಿ ಉದ್ದವಿದೆ. ಆದರೆ ಬಾಯಿ ಬಿಗಿದುಕೊಳ್ಳುವ ಈ ಕಾಯಿಲೆಗೆ, ಅಂದರೆ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ, ಮುಖ್ಯ ಕಾರಣ ಗುಟ್ಕಾದಲ್ಲಿ ತಂಬಾಕಿನ ಜೊತೆಗಿರುವ ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಒಳಗೆನ್ನೆಯ ಪೊರೆಯ ಕೆಳಗೆ ನಾರು ಬೆಳೆಯುವಂತೆ ಮಾಡುತ್ತದೆ. ಅಡಿಕೆಯ ಒಗರು ಆ ನಾರು ಸಹಜವಾಗಿ ಕರಗದಂತೆ ತಡೆಯುತ್ತದೆ. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ಬೆರಳಿಟ್ಟರೆ ಹುರಿಯಂಥ ಪಟ್ಟಿ ಸಿಗುತ್ತದೆ. ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಅಗಿಯುವುದನ್ನು ಬಿಟ್ಟರೆ ಅದು ಅಲ್ಲಿಗೆ ನಿಲ್ಲಬಹುದು, ಆದರೆ ಕಟ್ಟಿದ ನಾರು ತಾನಾಗಿ ಬಿಚ್ಚಿಕೊಳ್ಳುವುದು ಕಷ್ಟ. ಇಂಥ ಬಾಯಿಗಳಲ್ಲಿ ಕೆಲವು ಮುಂದೆ ಕ್ಯಾನ್ಸರಿಗೆ ತಿರುಗುತ್ತವೆ. ನಿಮ್ಮ ಇಡೀ ಲೇಖನದಲ್ಲಿ ಇದರ ಒಂದು ಸಾಲೂ ಇಲ್ಲ. ಆದರೆ ಸಿಗರೇಟು ಮತ್ತು ಶ್ವಾಸಕೋಶಕ್ಕೆ ಮೂರು ಪ್ಯಾರಾ ಇವೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯನ್ನು ತೆಗೆದು ನೋಡಿ. ನಮ್ಮ ದೇಶದ ವಯಸ್ಕರಲ್ಲಿ ಸೇದುವವರು ಶೇ 10.7, ಹೊಗೆರಹಿತ ತಂಬಾಕು ಬಳಸುವವರು ಶೇ 21.4. ನೀವು ಬರೆಯುತ್ತಿರುವುದು ಅಗಿಯುವ ಸೀಮೆಗೆ.

ಎರಡನೆಯ ಗುರುತಿನ ಕೆಳಗೆ ಎರಡು ಸಲ ಗೆರೆ ಎಳೆದಿದ್ದೇನೆ: “ಎಲೆಅಡಿಕೆ ನಮ್ಮ ಸಂಸ್ಕೃತಿ. ಕೆಡುಕೇನಿದ್ದರೂ ಅದಕ್ಕೆ ಬೆರೆಸುವ ಹೊಗೆಸೊಪ್ಪಿನಲ್ಲಿ.” ಹೀಗೆ ಹೇಳುವವರು ನೀವೊಬ್ಬರೇ ಅಲ್ಲ, ನಮ್ಮ ಮಲೆನಾಡೆಲ್ಲ ಹೀಗೇ ಹೇಳುತ್ತದೆ. ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ವೀಳ್ಯವನ್ನು ಕ್ಯಾನ್ಸರ್‌ಕಾರಕ ಎಂದಿತು. ಆಗ ನಿಮ್ಮ ವಾಕ್ಯ ಒಂದಿಷ್ಟು ನಿಲ್ಲುತ್ತಿತ್ತು. 2004ರಲ್ಲಿ ಅದೇ ಸಂಸ್ಥೆ ತಂಬಾಕಿಲ್ಲದ ವೀಳ್ಯವನ್ನೂ, ಬರಿಯ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಬೀಡಿ, ಸಿಗರೇಟು ಇರುವುದೂ ಆ ಗುಂಪಿನಲ್ಲೇ. ತೈವಾನಿನಲ್ಲಿ ವೀಳ್ಯಕ್ಕೆ ಸಾಮಾನ್ಯವಾಗಿ ಹೊಗೆಸೊಪ್ಪು ಹಾಕುವುದಿಲ್ಲ, ಆದರೂ ಅಲ್ಲಿ ಬಾಯಿ ಕ್ಯಾನ್ಸರ್ ದೊಡ್ಡ ಪಿಡುಗು. ಅಷ್ಟು ದೂರ ಹೋಗುವುದೂ ಬೇಡ. ನಿಮ್ಮೂರಿನ ಅಂಗಡಿಯಲ್ಲಿ ನೇತುಹಾಕಿರುವ, ಅಡಿಕೆ ಚೂರಿನ ಪಾನ್ ಮಸಾಲದ ಚೀಟಿಯನ್ನು, ಅಂದರೆ ಆ ಸಣ್ಣ ಪೊಟ್ಟಣವನ್ನು, ತಿರುಗಿಸಿ ನೋಡಿ, ತಂಬಾಕಿಲ್ಲದಿದ್ದರೂ ಅದನ್ನು ಅಗಿಯುವುದು ಆರೋಗ್ಯಕ್ಕೆ ಹಾನಿಕರ ಎಂದು ಅಚ್ಚಾಗಿರುತ್ತದೆ.

ನಿಮ್ಮ ಮನೆ ನಡೆಯುವುದು ಅಡಿಕೆ ತೋಟದಿಂದ ಎಂದು ಪತ್ರದಲ್ಲಿ ಬರೆದಿದ್ದೀರಿ. ಹಾಗಾಗಿ ಕೈ ಹಿಂದೆಗೆದಿರಬಹುದು, ಅದು ನನಗೆ ಅರ್ಥವಾಗುತ್ತದೆ. ನಾನು ಕೆಲಸ ಕಲಿತದ್ದೂ ಅಡಿಕೆ ಮಂಡಿಯಿರುವ ಊರಿನ ಒಂದು ಜಿಲ್ಲಾ ಪತ್ರಿಕೆಯಲ್ಲಿ. ಸಂಜೆ ಮಂಡಿಗೆ ಫೋನು ಮಾಡಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯ ಒಂದೊಂದು ಬಗೆಯ ಧಾರಣೆ ಬರೆದುಕೊಳ್ಳುವುದು ನನ್ನ ಮೊದಲ ಕೆಲಸ. ಸಂಪಾದಕೀಯ ಓದದವರೂ ಆ ಮೂಲೆಯನ್ನು ಓದುತ್ತಿದ್ದರು. ಅಲ್ಲಿನ ಹಿರಿಯ ಉಪಸಂಪಾದಕರು ದಿನವಿಡೀ ಕವಳ, ಅಂದರೆ ಎಲೆಅಡಿಕೆ, ಹಾಕುವ ಆಸಾಮಿ. ಮೇಜಿನ ಒಂದು ಬದಿಗೆ ಕೆಂಪು ಶಾಯಿ, ಇನ್ನೊಂದು ಬದಿಗೆ ಕವಳದ ಸಂಚಿ. ಪೊಲೀಸರ ಟಿಪ್ಪಣಿ ನೋಡಿಕೊಂಡು ನಾವು ಅಪಘಾತದ ಸುದ್ದಿಯಲ್ಲಿ “ಚಾಲಕನ ನಿರ್ಲಕ್ಷ್ಯದಿಂದ” ಎಂದು ಬರೆದರೆ ಕಾಗದ ವಾಪಸ್ಸು ಬರುತ್ತಿತ್ತು. “ಚಾಲಕ ಎಷ್ಟು ಹೊತ್ತಿನಿಂದ ಬಂಡಿ ಓಡಿಸುತ್ತಿದ್ದ? ಆ ತಿರುವಿನಲ್ಲಿ ತಡೆಗೋಡೆ ಇತ್ತೋ? ಕೇಳಿಕೊಂಡು ಬಾ. ಸತ್ತವನ ಮೇಲೆ ತಪ್ಪು ಹೊರಿಸುವುದು ಸಲೀಸು, ಅವನು ನಾಳೆ ಕಚೇರಿಗೆ ಬಂದು ಜಗಳ ಆಡುವುದಿಲ್ಲ” ಎನ್ನುತ್ತಿದ್ದರು. ಬೈಗುಳವೂ ಸೇರಿರುತ್ತಿತ್ತು, ಅದನ್ನು ಇಲ್ಲಿ ಬರೆಯಲಾರೆ. ಅದೇ ಪತ್ರಿಕೆಯಲ್ಲಿ ಅಡಿಕೆಯಿಂದ ಬಾಯಿ ಕೆಡುತ್ತದೆ ಎಂಬ ಸುದ್ದಿ ಬಂದದ್ದನ್ನು ನಾನು ಕಾಣೆ. ಅವರೂ ಕೇಳಲಿಲ್ಲ, ನಾವೂ ಬರೆಯಲಿಲ್ಲ. ಧಾರಣೆ ಮಾತ್ರ ತಪ್ಪದೆ ಬರುತ್ತಿತ್ತು.

ಆದ್ದರಿಂದ ಮೂರನೆಯ ಗುರುತು ನಿಮ್ಮ ಆ “ನಿರ್ಲಕ್ಷ್ಯ”ದ ಮೇಲೆ. ಚಿಕ್ಕಪ್ಪ ರಾತ್ರಿ ಬಸ್ಸಿನ ಚಾಲಕರು ಎಂದು ನೀವೇ ಬರೆದಿದ್ದೀರಿ. ನಿದ್ದೆ ತಡೆಯಲು ಅವರ ಕೈಗೆ ಸಿಕ್ಕಿದ್ದೇನು? ಕವಳಕ್ಕೆ ಎಲೆ ಬೇಕು, ಸುಣ್ಣ ಬೇಕು, ಕೂತು ಹಚ್ಚಿಕೊಳ್ಳಲು ಪುರಸೊತ್ತು ಬೇಕು. ಚೀಟಿಗೆ ಹಲ್ಲೊಂದಿದ್ದರೆ ಸಾಕು, ಸ್ಟಿಯರಿಂಗ್ ಬಿಡದೆ ಹರಿದು ಬಾಯಿಗೆ ಸುರಿದುಕೊಳ್ಳಬಹುದು. ಕವಳ ಹಾಕುವವರಿಗಿಂತ ಚೀಟಿ ಹರಿಯುವವರ ಬಾಯಿ ಬೇಗ ಬಿಗಿಯುತ್ತದೆ ಎಂದು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. 2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆಮೇಲೆ ಆದದ್ದೇನು? ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ, ಎರಡೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ. ಬೆರೆಸುವ ಕೆಲಸ ಗಿರಾಕಿಯದು. ಆ ಚೀಟಿ ಕಟ್ಟಿದವರು, ಮಾರಿದವರು, ಕಂಡೂ ಕಾಣದಂತಿದ್ದವರು ನಿಮ್ಮ ವಾಕ್ಯದೊಳಗೆ ಯಾರೂ ಇಲ್ಲ. ಅಲ್ಲಿರುವವರು ಚಿಕ್ಕಪ್ಪ ಒಬ್ಬರೇ.

ಇನ್ನೊಂದು ಮಾತು, ಇದು ಚಿಕ್ಕದು. “ಗುಟ್ಕಾ ತಿಂದವರಿಗೆ ಕ್ಯಾನ್ಸರ್ ಖಚಿತ” ಎಂದಿದ್ದೀರಿ. ತೊಂಬತ್ತರವರೆಗೂ ಕವಳ ಹಾಕಿಕೊಂಡು ಗಟ್ಟಿಯಾಗಿದ್ದ ಅಜ್ಜಿ ಮಲೆನಾಡಿನ ಮನೆಮನೆಯಲ್ಲೂ ಸಿಗುತ್ತಾರೆ. ನಿಮ್ಮ ಓದುಗ ಆ ಅಜ್ಜಿಯನ್ನು ನೆನೆದು ಲೇಖನವನ್ನು ಮಡಚಿಡುತ್ತಾನೆ. ಎಲ್ಲರಿಗೂ ಬರುವುದಿಲ್ಲ ಎಂದೇ ಬರೆಯಿರಿ. ಎಷ್ಟು ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದರು, ದಿನಕ್ಕೆ ಎಷ್ಟು ಸಲ, ಕೆನ್ನೆಯಲ್ಲಿ ಎಷ್ಟು ಹೊತ್ತು ಇಟ್ಟುಕೊಂಡರು, ಜೊತೆಗೆ ತಂಬಾಕು, ಮದ್ಯ ಇದ್ದವೋ ಇಲ್ಲವೋ, ಅಪಾಯ ಏರುವುದು ಇವುಗಳ ಮೇಲೆ ಎಂದು ಬರೆಯಿರಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಇಲ್ಲವೆ ಕೆಂಪು ಮಚ್ಚೆ ಕಂಡರೆ ವೈದ್ಯರಿಗೆ ತೋರಿಸಬೇಕು ಎಂಬುದನ್ನು ಸೇರಿಸಿ. ನಿಮ್ಮ ನಾಲ್ಕು ಪುಟದಲ್ಲಿ ಓದುಗ ಕತ್ತರಿಸಿ ಇಟ್ಟುಕೊಳ್ಳುವಂಥ ಸಾಲು ಅದೊಂದೇ ಆಗುತ್ತಿತ್ತು, ಅದೇ ಬಿಟ್ಟುಹೋಗಿದೆ.

ಲೇಖನವನ್ನು ವಾಪಸ್ಸು ಕಳುಹಿಸುತ್ತಿದ್ದೇನೆ. ಮದ್ಯ, ಉಪ್ಪು, ಬೊಜ್ಜು ಎಲ್ಲವನ್ನೂ ತೆಗೆದುಹಾಕಿ. ಚಿಕ್ಕಪ್ಪ ಒಪ್ಪಿದರೆ ಅವರ ಜೊತೆ ಒಂದು ಸಲ ದಂತವೈದ್ಯರ ಬಳಿಗೆ ಹೋಗಿ, ಅಲ್ಲಿ ನಡೆದದ್ದನ್ನು ಬರೆಯಿರಿ. ಒಪ್ಪದಿದ್ದರೆ ಅವರನ್ನು ಬಿಟ್ಟು ಬರೆಯಿರಿ, ಮನೆಯವರ ಮರ್ಯಾದೆ ನಮ್ಮ ಪುಟಕ್ಕಿಂತ ದೊಡ್ಡದು. ನಿಮ್ಮ ತೋಟದ ಅಡಿಕೆ ಮಂಡಿಯಿಂದ ಎಲ್ಲಿಗೆ ಹೋಗುತ್ತದೆ ಎಂದು ತಂದೆಯವರನ್ನು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹಾಕಿ. ಬೆಳೆಗಾರರನ್ನು ಬೈಯುವ ಲೇಖನ ನನಗೆ ಬೇಡ, ಮುಚ್ಚಿಡುವ ಲೇಖನವೂ ಬೇಡ. ಎರಡು ಪುಟ ಮೀರದಿರಲಿ. ಶೀರ್ಷಿಕೆ ನಾನು ಕೊಡುತ್ತೇನೆ.