ಅನಿಮೇಷನ್ ಕಲಿಯೋಕೆ ಆರ್ಟ್ ಸ್ಕೂಲ್ ಸೇರಿದರೆ ಅಲ್ಲಿ ನಿಜಕ್ಕೂ ಏನು ಮಾಡಿಸುತ್ತಾರೆ?

ನೀವು ಎರಡು ವಿಷಯ ಕೇಳಿದ್ದೀರಿ. ಅನಿಮೇಷನ್ ಓದೋಕೆ ಆರ್ಟ್ ಸ್ಕೂಲ್ ಸೇರಿದರೆ ದಿನಾ ಏನು ಮಾಡಿಸುತ್ತಾರೆ ಅನ್ನೋದು ಒಂದು. ಸಾಫ್ಟ್‌ವೇರ್ ಚೆನ್ನಾಗಿ ಬರುತ್ತೆ, ಚಿತ್ರ ಬಿಡಿಸೋದು ಮಾತ್ರ ಅಷ್ಟಕ್ಕಷ್ಟೇ, ಅಂಥವರು ಹೋಗಬಹುದಾ ಅನ್ನೋದು ಇನ್ನೊಂದು. ನಾನೀಗ ಕೊನೇ ವರ್ಷದಲ್ಲಿದ್ದೇನೆ. ನನ್ನ ಸಿನಿಮಾದ ಒಂದು ಶಾಟ್ ರೆಂಡರ್ ಆಗ್ತಾ ಕೂತಿದೆ (ಅಂದರೆ ಕಂಪ್ಯೂಟರ್ ಅದರ ಅಂತಿಮ ಚಿತ್ರಗಳನ್ನು ತಯಾರಿಸ್ತಿದೆ), ಕೈ ಖಾಲಿ ಇದೆ, ಹಾಗಾಗಿ ಉದ್ದವಾಗಿಯೇ ಬರೀತೀನಿ.

ಎರಡನೆಯದಕ್ಕೆ ಮೊದಲು ಉತ್ತರ. ಹೋಗಬಹುದು. ಆದರೆ ಸಾಫ್ಟ್‌ವೇರ್ ಗೊತ್ತು ಅನ್ನೋ ಧೈರ್ಯದ ಮೇಲೆ ಹೋಗಬೇಡಿ. ನಮ್ಮಲ್ಲಂತೂ ಶುರುವಿನ ತಿಂಗಳುಗಳಲ್ಲಿ ಕಂಪ್ಯೂಟರ್ ಮುಟ್ಟೋಕೇ ಬಿಡಲಿಲ್ಲ. ಮನೆಯಲ್ಲಿ ವರ್ಷಗಟ್ಟಲೆ ಬ್ಲೆಂಡರ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್ ಹಿಡಿದು ಪಳಗಿದ್ದವರಿಗೆ ಇದು ಅವಮಾನದಂತೆ ಕಾಣುತ್ತೆ. ಪೆನ್ಸಿಲ್, ಪೇಪರ್, ಲೈಟ್ ಬಾಕ್ಸ್, ಅಷ್ಟೇ.

ಬೆಳಗ್ಗೆ ಲೈಫ್ ಡ್ರಾಯಿಂಗ್ ಇರುತ್ತೆ. ಮಾಡೆಲ್ ಒಂದು ಭಂಗಿಯಲ್ಲಿ ನಿಲ್ಲುತ್ತಾರೆ, 30 ಸೆಕೆಂಡ್ ಆದ ಮೇಲೆ ಬದಲಾಯಿಸುತ್ತಾರೆ. ಅಷ್ಟರಲ್ಲಿ ಮೂಗು, ಬೆರಳು, ಬಟ್ಟೆಯ ಮಡಿಕೆ ಯಾವುದೂ ಆಗಲ್ಲ. ತಲೆಯಿಂದ ಪಾದದವರೆಗೆ ಮೈ ಯಾವ ಕಡೆ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಇಷ್ಟನ್ನು ಹಿಡಿದರೆ ಸಾಕು. ನೀಟಾಗಿ ಶೇಡಿಂಗ್ ಮಾಡಿ ನಟ ನಟಿಯರ ಮುಖ ಬಿಡಿಸಿ ಊರಲ್ಲೆಲ್ಲ ಶಭಾಷ್ ಅನ್ನಿಸಿಕೊಂಡವರು ಇಲ್ಲಿ ಜಾಸ್ತಿ ಒದ್ದಾಡುತ್ತಾರೆ. ನಿಮ್ಮಂಥವರಿಗೆ ಇದು ಒಳ್ಳೇ ಸುದ್ದಿ ಅಲ್ವಾ? ಚೆಂದದ ಗೆರೆ ಇಲ್ಲಿ ಯಾರಿಗೂ ಬೇಕಿಲ್ಲ. ಆ ಮನುಷ್ಯ ನಿಂತಿದ್ದಾನೋ, ಬೀಳ್ತಿದ್ದಾನೋ ಗೊತ್ತಾಗಬೇಕು.

ಆಮೇಲೆ ಚೆಂಡು. ಪ್ರಪಂಚದ ಯಾವ ಅನಿಮೇಷನ್ ಶಾಲೆಗೆ ಹೋದರೂ ಈ ಚೆಂಡಿನಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಒಂದು ಚೆಂಡು ಮೇಲಿಂದ ಬೀಳಬೇಕು, ಪುಟಿಯಬೇಕು, ನಿಲ್ಲಬೇಕು. ಕೇಳೋಕೆ ಮಕ್ಕಳಾಟ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಚಿತ್ರ ಸಾಕು, ಇದಕ್ಕೆ ನಾವು ಆನ್ ಟೂಸ್ ಅಂತೀವಿ. ಪೇಪರಿನ ತೂತುಗಳನ್ನು ಪೆಗ್ ಬಾರ್ ಅನ್ನೋ ಗೂಟಗಳ ಪಟ್ಟಿಗೆ ಸಿಕ್ಕಿಸಿ, ಕೆಳಗಿನಿಂದ ಬೆಳಕು ಬಿಟ್ಟು, ಹಿಂದಿನ ಚಿತ್ರ ನೋಡಿಕೊಂಡು ಮುಂದಿನದನ್ನು ಬಿಡಿಸೋದು. ಬೆರಳುಗಳ ನಡುವೆ ನಾಲ್ಕೈದು ಹಾಳೆ ಸಿಕ್ಕಿಸಿಕೊಂಡು ಹಿಂದೆ ಮುಂದೆ ಮಗುಚುತ್ತಾ ಇದ್ದರೆ ಚೆಂಡು ಅಲ್ಲೇ ಕೈಯಲ್ಲೇ ಚಲಿಸುತ್ತೆ. ಈ ಮಗುಚೋದು ಕೈಗೆ ಕೂರೋಕೇ ಸುಮಾರು ದಿನ ಬೇಕು.

ನಾನು ಅಲ್ಲಿ ಕಲಿತ ಅತಿ ದೊಡ್ಡ ವಿಷಯ ಈ ಚೆಂಡಿನಲ್ಲೇ ಇದೆ. ಮೇಲಿಂದ ನೆಲಕ್ಕೆ ಬರೋಕೆ ಏಳು ಚಿತ್ರ ಅಂದುಕೊಳ್ಳಿ. ಏಳನ್ನೂ ಸಮ ಅಂತರದಲ್ಲಿ ಇಟ್ಟರೆ ಚೆಂಡು ಲಿಫ್ಟಿನ ತರ ಇಳಿಯುತ್ತೆ, ಬೀಳಲ್ಲ. ಮೇಲ್ಗಡೆ ಒತ್ತೊತ್ತಾಗಿ, ಒಂದರ ಮೇಲೊಂದು ಬೀಳುವಷ್ಟು ಹತ್ತಿರ ಇಟ್ಟು, ಕೆಳಗೆ ಬರ್ತಾ ಬರ್ತಾ ದೂರ ದೂರ ಇಟ್ಟರೆ ಅದೇ ಏಳು ಚಿತ್ರಕ್ಕೆ ತೂಕ ಬಂದುಬಿಡುತ್ತೆ. ಸಮಯ ಅಷ್ಟೇ, ಚಿತ್ರಗಳ ಸಂಖ್ಯೆ ಅಷ್ಟೇ, ಬದಲಾಗಿದ್ದು ನಡುವಿನ ಅಂತರ. ಇದಕ್ಕೆ ಸ್ಪೇಸಿಂಗ್ ಅಂತಾರೆ. ನೆಲಕ್ಕೆ ತಾಗಿದ ಕ್ಷಣ ಚೆಂಡನ್ನು ಚಪ್ಪಟೆ ಮಾಡಬೇಕು, ಆದರೆ ಅಗಲ ಎಷ್ಟು ಹೆಚ್ಚಿತೋ ಎತ್ತರ ಅಷ್ಟು ತಗ್ಗಬೇಕು, ಇಲ್ಲದಿದ್ದರೆ ಚೆಂಡು ಊದಿಕೊಂಡಂತೆ ಕಾಣುತ್ತೆ. ಇದೆಲ್ಲ ಆದ ಮೇಲೆ ಅದೇ ವೃತ್ತವನ್ನು ಕಬ್ಬಿಣದ ಗುಂಡು ಮಾಡಿ, ಬಲೂನ್ ಮಾಡಿ ಅಂತಾರೆ. ವೃತ್ತದ ಒಳಗೆ ಏನೂ ಬಿಡಿಸುವ ಹಾಗಿಲ್ಲ, ಬಣ್ಣವೂ ಇಲ್ಲ. ಬರೀ ಅಂತರದಿಂದಲೇ ಗುಂಡೋ ಬಲೂನೋ ಅಂತ ಹೇಳಬೇಕು.

ಸಾಫ್ಟ್‌ವೇರ್ ಮೊದಲೇ ಯಾಕೆ ಕೊಡಲ್ಲ ಅಂತ ಆಗ ಅರ್ಥ ಆಗುತ್ತೆ. ಎರಡು ಕೀ, ಅಂದರೆ ಚಲನೆಯ ಮೊದಲ ಮತ್ತು ಕೊನೆಯ ಭಂಗಿ ಕೊಟ್ಟರೆ ನಡುವಿನದನ್ನು ಅದೇ ತುಂಬಿಕೊಡುತ್ತೆ. ಸಾಮಾನ್ಯವಾಗಿ ಎರಡೂ ತುದಿಯಲ್ಲಿ ನಿಧಾನ, ನಡುವೆ ವೇಗ, ಎಲ್ಲದಕ್ಕೂ ಅದೇ ಸೂತ್ರ. ಹಾಗಾಗಿ ಹೊಸಬರ ಕೆಲಸದಲ್ಲಿ ಕಲ್ಲು, ಕೈ, ಕೂದಲು ಎಲ್ಲವೂ ನೀರಿನೊಳಗೆ ತೇಲಿದ ಹಾಗೆ ಕಾಣುತ್ತೆ. ವೇಗದ ಏರಿಳಿತ ತೋರಿಸುವ ಆ ಕರ್ವ್ ತಪ್ಪು ಅಂತ ಕಣ್ಣಿಗೆ ಗೊತ್ತಾಗದೇ ಇದ್ದರೆ ಬಟನ್ ಎಲ್ಲಿದೆ ಅಂತ ಗೊತ್ತಿದ್ದು ಏನು ಪ್ರಯೋಜನ?

ಚೆಂಡಿನ ನಂತರ ಹಿಟ್ಟಿನ ಚೀಲ. ಮುಖ ಇಲ್ಲ, ಕೈಕಾಲು ಇಲ್ಲ, ನಾಲ್ಕು ಮೂಲೆ ಮಾತ್ರ. ಅದು ಹೆದರಬೇಕು, ನಾಚಬೇಕು, ಸಿಟ್ಟು ಮಾಡ್ಕೋಬೇಕು. ಆಮೇಲೆ ನಡಿಗೆ. ಕಾಲು ಚಾಚಿ ನೆಲ ತಾಗುವುದು, ಮೈ ತಗ್ಗುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ಮೈ ಮೇಲೇಳುವುದು, ಈ ನಾಲ್ಕು ಭಂಗಿ ಗೊತ್ತಿದ್ದರೆ ಬೊಂಬೆ ನಡೆಯುತ್ತೆ. ಆದರೆ ಸುಮ್ನೆ ನಡೆಯುತ್ತೆ. ಸೋತು ಮನೆಗೆ ಹೋಗ್ತಿರುವವನು, ಹೊಸ ಚಪ್ಪಲಿ ಹಾಕಿಕೊಂಡವನು, ಸಾಲ ಕೊಟ್ಟವನು ಎದುರಿಗೆ ಬರ್ತಿರೋದನ್ನು ನೋಡಿದವನು, ಇವರ ನಡಿಗೆ ಬೇರೆ ಬೇರೆ. ಇದಾದ ಮೇಲೆ ರಸ್ತೆಯಲ್ಲಿ ಯಾರ ಹಿಂದೆ ಹೋದರೂ ಅವರ ಸೊಂಟ, ಹಿಮ್ಮಡಿ ನೋಡುವ ಕೆಟ್ಟ ಚಟ ಅಂಟಿಕೊಳ್ಳುತ್ತೆ. ಯಾರಾದರೂ ತಿರುಗಿ ನೋಡಿದರೆ ವಿವರಿಸೋದು ಕಷ್ಟ.

ಮಧ್ಯೆ ಇತಿಹಾಸದ ಕ್ಲಾಸ್ ಇರುತ್ತೆ, ಅರ್ಧ ಜನ ನಿದ್ದೆ ಮಾಡುತ್ತಾರೆ. ಮಾಡಬೇಡಿ. ಅಮೆರಿಕದ ಅನಿಮೇಟರ್ ವಿನ್ಸರ್ ಮೆಕ್ಕೇ 1914ರಲ್ಲಿ ಡೈನೋಸಾರ್ ಒಂದನ್ನು ನಡೆಸಿದಾಗ ಪಾರದರ್ಶಕ ಸೆಲ್ ಹಾಳೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ಹಿಂದಿನ ಬಂಡೆ, ಮರ, ನೆಲ ಎಲ್ಲವನ್ನೂ ಪ್ರತಿ ಚಿತ್ರದಲ್ಲೂ ಹೊಸದಾಗಿ ನಕಲು ತೆಗೆಯಬೇಕಿತ್ತು, ಒಬ್ಬ ಸಹಾಯಕ ಕೂತು ಅದನ್ನೇ ಮಾಡಿದ. ಹಿನ್ನೆಲೆ, ಪಾತ್ರಗಳನ್ನು ಬೇರೆ ಬೇರೆ ಪದರದಲ್ಲಿ ಇಡೋಕೆ ಸಾಫ್ಟ್‌ವೇರ್‌ನಲ್ಲಿರುವ ಲೇಯರ್ ಪ್ಯಾನೆಲ್ ನೋಡಿದಾಗೆಲ್ಲ ನನಗೆ ಆ ಸಹಾಯಕ ನೆನಪಾಗುತ್ತಾನೆ. ಇನ್ನು ಚಿತ್ರ ಬರಲ್ಲ ಅನ್ನುವ ನೀವು ಜರ್ಮನಿಯ ಲೊಟ್ಟೆ ರೈನಿಗರ್ ಕೆಲಸ ನೋಡಲೇಬೇಕು. 1926ರಲ್ಲಿ ಬಂದ ಆಕೆಯ ಪೂರ್ಣ ಪ್ರಮಾಣದ ಚಿತ್ರದ ಪಾತ್ರಗಳೆಲ್ಲ ಕತ್ತರಿಯಿಂದ ಕತ್ತರಿಸಿದ ಕಪ್ಪು ಆಕೃತಿಗಳು, ಕೀಲು ಜೋಡಿಸಿ, ಗಾಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು ಒಂದೊಂದೇ ಫ್ರೇಮ್ ತೆಗೆದದ್ದು. ಉಳಿದುಕೊಂಡಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅದೇ ಹಳೆಯದು. ಕಣ್ಣಿಲ್ಲ, ತುಟಿಯಿಲ್ಲ, ಆದರೂ ಯಾರಿಗೆ ಯಾರ ಮೇಲೆ ಮನಸ್ಸು ಅಂತ ಕತ್ತಿನ ಬಾಗಿನಲ್ಲೇ ಗೊತ್ತಾಗುತ್ತೆ.

ಎರಡನೇ ವರ್ಷ ಸ್ಟಾಪ್ ಮೋಷನ್, ಅಂದರೆ ಬೊಂಬೆಯನ್ನು ಚೂರು ಚೂರೇ ಕದಲಿಸಿ ಒಂದೊಂದೇ ಫೋಟೋ ತೆಗೆಯೋದು. ನನಗೆ ಅತ್ಯಂತ ಖುಷಿ ಕೊಟ್ಟಿದ್ದು ಇದೇ, ಅತ್ಯಂತ ಬೈಸಿಕೊಂಡಿದ್ದೂ ಇಲ್ಲೇ. ತಂತಿಯ ಅಸ್ಥಿಪಂಜರ, ಮೇಲೆ ಜೇಡಿಮಣ್ಣು. ತಂತಿ ಒಂದೇ ಜಾಗದಲ್ಲಿ ಪದೇ ಪದೇ ಬಾಗಿದರೆ ಮುರಿಯುತ್ತೆ, ಅದೂ ಸರಿಯಾಗಿ ಶಾಟಿನ ಮಧ್ಯದಲ್ಲಿ. ಕ್ಯಾಮೆರಾದಲ್ಲಿ ಆಟೋ ಅನ್ನುವುದನ್ನೆಲ್ಲ ಆಫ್ ಮಾಡಬೇಕು, ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲಾ. ಯಾಕೆಂದರೆ ಕ್ಯಾಮೆರಾ ತನ್ನ ಪಾಡಿಗೆ ಚೂರು ಬದಲಾಯಿಸಿದರೂ ಚಿತ್ರ ಮಿಣಮಿಣ ಅನ್ನುತ್ತೆ. ಇನ್ನೊಂದು ವಿಷಯ ಯಾರೂ ಮೊದಲೇ ಹೇಳಲ್ಲ: ಕಪ್ಪು ಅಂಗಿ ಹಾಕಿಕೊಳ್ಳಿ. ತಿಳಿ ಬಣ್ಣದ ಅಂಗಿ ಹಾಕಿಕೊಂಡು ಸೆಟ್ಟಿನ ಪಕ್ಕ ಓಡಾಡಿದರೆ ಅದರ ಮೇಲೆ ಬಿದ್ದ ಬೆಳಕು ಬೊಂಬೆಯ ಮುಖಕ್ಕೆ ಹೊಡೆಯುತ್ತೆ, ಒಂದು ಫ್ರೇಮಿನಲ್ಲಿ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ನಮ್ಮ ಬ್ಯಾಚಿನವರೆಲ್ಲ ಆ ಸೆಮಿಸ್ಟರ್ ಪೂರ್ತಿ ಕಪ್ಪು ಬಟ್ಟೆಯಲ್ಲೇ ಓಡಾಡಿದ್ದು, ಹೊರಗಿನವರಿಗೆ ಅದು ಏನೋ ಕಲಾವಿದರ ಶೋಕಿ ಅನ್ನಿಸಿರಬೇಕು.

ಕ್ರಿಟೀಕ್, ಅಂದರೆ ಎಲ್ಲರ ಮುಂದೆ ನಿಮ್ಮ ಕೆಲಸದ ವಿಮರ್ಶೆ, ಅದರ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಕತ್ತಲೆ ಕೋಣೆ, ಗೋಡೆಯ ಮೇಲೆ ನಿಮ್ಮ ಲೈನ್ ಟೆಸ್ಟ್ (ಬರೀ ಪೆನ್ಸಿಲ್ ಗೆರೆಯ ಅನಿಮೇಷನ್) ಮತ್ತೆ ಮತ್ತೆ ಓಡ್ತಾ ಇರುತ್ತೆ, ಎಲ್ಲರೂ ಬಾಯಿಗೆ ಬಂದದ್ದು ಹೇಳುತ್ತಾರೆ. ಚೆನ್ನಾಗಿದೆ ಅನ್ನೋರಿಂದ ಏನೂ ಸಿಗಲ್ಲ. 'ಮೂರನೇ ಹೆಜ್ಜೆಯಲ್ಲಿ ಪಾದ ಜಾರ್ತಿದೆ', 'ಅವನು ಯಾರನ್ನು ನೋಡ್ತಿದ್ದಾನೆ ಗೊತ್ತಾಗ್ತಿಲ್ಲ' ಅನ್ನೋರನ್ನು ಹಿಡಿದುಕೊಳ್ಳಿ, ಅಂಥ ಇಬ್ಬರು ಸ್ನೇಹಿತರು ಸಿಕ್ಕರೆ ಫೀಸು ವಸೂಲಾದ ಹಾಗೆ. ನಮ್ಮ ಮೇಷ್ಟರೊಬ್ಬರು ಪಾತ್ರವನ್ನು ಪೂರ್ತಿ ಕಪ್ಪು ತುಂಬಿಸಿ ತೋರಿಸಿ ಅನ್ನುತ್ತಿದ್ದರು. ನೆರಳಾಕೃತಿಯಲ್ಲೇ ಏನು ಮಾಡ್ತಿದ್ದಾನೆ ಅಂತ ತಿಳಿಯದಿದ್ದರೆ ಭಂಗಿ ಬದಲಾಯಿಸಿ, ಅಷ್ಟೇ ಅವರ ಪಾಠ.

ಈಗ ನನ್ನ ಸಿನಿಮಾ. ಗಡಿಯಾರ ರಿಪೇರಿ ಮಾಡುವ ಮುದುಕನ ಕೈಯಿಂದ ಒಂದು ಸಣ್ಣ ಸ್ಕ್ರೂ ಜಾರಿ ಬೀಳುತ್ತೆ, ಅವನು ಹುಡುಕುತ್ತಾನೆ. ಕಥೆ ಇಷ್ಟೇ. ಇಷ್ಟು ಚಿಕ್ಕದು ಯಾಕೆ ಅಂದರೆ ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 12 ಚಿತ್ರ ಅಂದರೆ ಒಂದು ನಿಮಿಷಕ್ಕೆ 720, ಅದೂ ಒಂದೇ ಪಾತ್ರಕ್ಕೆ, ಅದೂ ರಫ್. ಆಮೇಲೆ ಕ್ಲೀನ್‌ಅಪ್ (ರಫ್ ಗೆರೆಗಳನ್ನು ನೀಟಾಗಿ ತಿದ್ದಿ ಬರೆಯೋದು), ಬಣ್ಣ, ನೆರಳು ಬೇರೆ. ಮೊದಲ ವರ್ಷ ಎಲ್ಲರ ತಲೆಯಲ್ಲೂ ಯುದ್ಧ, ಕುದುರೆ, ಮಹಾಕಾವ್ಯ ಇರುತ್ತೆ. ಕೊನೇ ವರ್ಷ ಎಲ್ಲರೂ ಒಂದು ಕೋಣೆ, ಒಂದು ಪಾತ್ರಕ್ಕೆ ಇಳಿದಿರುತ್ತಾರೆ.

ಮುದುಕ ಬಗ್ಗುವ ಶಾಟಿಗೆ ನಮ್ಮ ಅಜ್ಜನ ವಿಡಿಯೋ ತೆಗೆದೆ. ನೆಲದ ಮೇಲಿಂದ ಏನೋ ಎತ್ತಿಕೊಡಿ ಅಂದೆ. ನಾನು ಅಂದುಕೊಂಡದ್ದು ಸೊಂಟ ಬಾಗುತ್ತೆ, ಕೈ ಚಾಚುತ್ತೆ ಅಂತ. ಅಜ್ಜ ಮೊದಲು ಮೇಜಿನ ಅಂಚು ಹಿಡಿದರು, ಒಂದು ಮಂಡಿ ಊರಿದರು, ಅಲ್ಲೇ ಅರ್ಧದಲ್ಲಿ ನಿಂತು ನಿನಗೇನು ಕೈ ಇಲ್ವಾ ಅಂತ ನನ್ನನ್ನು ಬೈದರು, ಆಮೇಲೆ ಇನ್ನೊಂದು ಮಂಡಿ. ಆ ಅರ್ಧದ ನಿಲುಗಡೆ ಸಿನಿಮಾದಲ್ಲಿ ಹಾಗೇ ಇದೆ, ಬೈಗುಳದ ಬದಲು ಒಂದು ಉಸಿರು ಹಾಕಿದ್ದೇನೆ. ಆದರೆ ವಿಡಿಯೋ ಮೇಲೆ ಹಾಳೆ ಇಟ್ಟು ಗೆರೆ ಎಳೆಯಲಿಲ್ಲ. ಹಾಗೆ ಎಳೆಯುವ ರೋಟೋಸ್ಕೋಪ್ ಹೊಸದೇನಲ್ಲ, ಅಮೆರಿಕದ ಅನಿಮೇಟರ್ ಮ್ಯಾಕ್ಸ್ ಫ್ಲೈಷರ್‌ಗೆ ಅದರ ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ಅದಕ್ಕೂ ಅದರದೇ ಸೊಗಸು ಇದೆ, ಆದರೆ ನನ್ನ ಮುದುಕನ ತಲೆ ದೊಡ್ಡದು, ಕಾಲು ಗಿಡ್ಡ. ಅಜ್ಜನ ಸಮಯ ಬೇಕಿತ್ತು, ಗೆರೆ ಬೇಡವಾಗಿತ್ತು. ಹಾಗಾಗಿ ಯಾವ ಫ್ರೇಮಿನಲ್ಲಿ ಕೈ ಮೇಜಿಗೆ ತಾಗಿತು, ಯಾವುದರಲ್ಲಿ ಮಂಡಿ ಊರಿತು ಅಂತ ಎಣಿಸಿ ಎಕ್ಸ್‌ಪೋಷರ್ ಶೀಟ್ ಅನ್ನೋ ಫ್ರೇಮ್ ಲೆಕ್ಕದ ಪಟ್ಟಿಯಲ್ಲಿ ಬರೆದುಕೊಂಡೆ, ವಿಡಿಯೋ ಮುಚ್ಚಿಟ್ಟೆ, ಆಮೇಲೆ ಬಿಡಿಸಿದೆ.

ಸ್ಕ್ರೂ ಬಿದ್ದು ಉರುಳೋದನ್ನು ನಾನು ಬಿಡಿಸಿಯೇ ಇಲ್ಲ. ಅದು ಬೀಳುವ ಹೊತ್ತಿಗೆ ಕ್ಯಾಮೆರಾ ಮುದುಕನ ಮುಖದ ಮೇಲಿದೆ. ಟಿಣ್ ಅಂತ ಒಂದು ಸದ್ದು, ಅವನ ಕಣ್ಣು ಎಡಕ್ಕೆ, ಮತ್ತೆ ಇನ್ನೂ ಸಣ್ಣ ಟಿಣ್, ಕಣ್ಣು ಇನ್ನೂ ಎಡಕ್ಕೆ. ನೋಡುವವರಿಗೆ ಸ್ಕ್ರೂ ಎಲ್ಲಿಗೆ ಹೋಯಿತು ಅಂತ ಪಕ್ಕಾ ಗೊತ್ತಾಗುತ್ತೆ. ಇದು ಹೊಳೆದದ್ದು ಅನಿಮ್ಯಾಟಿಕ್ ಹಂತದಲ್ಲಿ, ಅಂದರೆ ಸ್ಟೋರಿಬೋರ್ಡಿನ ರಫ್ ಚಿತ್ರಗಳನ್ನು ಸದ್ದಿನ ಜೊತೆ ಸಾಲಾಗಿ ಓಡಿಸಿ ನೋಡುವಾಗ. ಯಾವ ಶಾಲೆಯಾದರೂ ಈ ಹಂತವನ್ನು ಅವಸರದಲ್ಲಿ ದಾಟಿಸುತ್ತಿದ್ದರೆ ಅಲ್ಲಿ ಏನೋ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಪೇಪರಿನಲ್ಲಿ ಶಾಟ್ ಕಿತ್ತರೆ ಒಂದು ಸಂಜೆ ಹೋಗುತ್ತೆ, ಬಣ್ಣ ತುಂಬಿದ ಮೇಲೆ ಕಿತ್ತರೆ ತಿಂಗಳು.

ಉಳಿದದ್ದು ಬೇಗ ಹೇಳ್ತೀನಿ. ನಿದ್ದೆ ಕಡಿಮೆ ಆಗುತ್ತೆ, ಮಣಿಕಟ್ಟು ನೋವು ಬರುತ್ತೆ, ಅದನ್ನು ಸಾಹಸ ಅಂತ ಅಂದುಕೊಳ್ಳಬೇಡಿ, ನೋವು ಬಂದ ದಿನವೇ ಕೈಗೆ ರಜೆ ಕೊಡಿ. ಪಾತ್ರ ಅನಿಮೇಟ್ ಮಾಡಬೇಕು ಅಂತ ಬಂದ ಎಷ್ಟೋ ಜನ ರಿಗ್ಗಿಂಗ್ (ಕಂಪ್ಯೂಟರ್ ಬೊಂಬೆಗೆ ಮೂಳೆ, ಕೀಲು ಜೋಡಿಸೋದು), ಬ್ಯಾಕ್‌ಗ್ರೌಂಡ್, ಕಾಂಪೋಸಿಟಿಂಗ್ (ಪದರಗಳನ್ನೆಲ್ಲ ಕೂಡಿಸಿ ಒಂದೇ ಚಿತ್ರ ಮಾಡೋದು) ಕಡೆ ಹೋಗುತ್ತಾರೆ, ನಿಮ್ಮ ಸಾಫ್ಟ್‌ವೇರ್ ಹಿಡಿತ ಕೆಲಸಕ್ಕೆ ಬರೋದು ಅಲ್ಲೇ. ಸಾಫ್ಟ್‌ವೇರ್ ಒಂದೇ ಕಲಿಯೋದಾದರೆ ಫೀಸು ಕಟ್ಟಬೇಡಿ. ಬ್ಲೆಂಡರ್, ಕ್ರೀಟಾ, ಓಪನ್‌ಟೂನ್ಸ್ ಮೂರೂ ಪುಕ್ಕಟೆ, ಮನೆಯಲ್ಲೇ ಕೂತು ಕಲೀಬಹುದು.

ಅರ್ಜಿ ಹಾಕುವುದಾದರೆ ಪೋರ್ಟ್‌ಫೋಲಿಯೋದಲ್ಲಿ ಹೆಸರುವಾಸಿ ಕಾರ್ಟೂನ್ ಪಾತ್ರಗಳ ನಕಲು ಇಡಬೇಡಿ, ಎಷ್ಟೇ ಚೆನ್ನಾಗಿದ್ದರೂ. ನಿಂತವರು, ಕಾಯುವವರು, ತೂಕಡಿಸುವವರು, ಚೀಲ ಹೊತ್ತವರು, ಇವರನ್ನು ನೋಡಿಕೊಂಡು ಗೀಚಿದ ಹಾಳೆಗಳನ್ನು ಇಡಿ, ಸೊಟ್ಟಗಿದ್ದರೂ ಪರವಾಗಿಲ್ಲ. ಜೊತೆಗೆ ಒಂದು ಚೆಂಡು, ಒಂದು ಚೀಲ ಮಾಡಿಡಿ. ಸೇರುವ ಮುಂಚೆ ಆ ಶಾಲೆಯ ಹಿಂದಿನ ಬ್ಯಾಚುಗಳ ಪದವಿ ಸಿನಿಮಾಗಳನ್ನು ಒಂದರ ಹಿಂದೆ ಒಂದು ಹಾಕಿ ನೋಡಿ. ಎಲ್ಲವೂ ಒಂದೇ ಕೈ ಮಾಡಿದ ಹಾಗಿದ್ದರೆ ಅಲ್ಲಿ ಮೇಷ್ಟರ ಸಿನಿಮಾ ತಯಾರಾಗುತ್ತಿದೆ, ವಿದ್ಯಾರ್ಥಿಗಳದ್ದಲ್ಲ. ಒಂದು ಮಣ್ಣಿನದು, ಒಂದು ಪೆನ್ಸಿಲಿನದು, ಒಂದು ಅರ್ಥವೇ ಆಗದ್ದು, ಹೀಗೆ ಕಲಸುಮೇಲೋಗರವಾಗಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ.