ಮುಟ್ಟಿನ ನೋವಿಗೆ ಶಾಲೆ ತಪ್ಪಿಸುವ ಹುಡುಗಿ

ಪ್ರಶ್ನೆ: ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 9ನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರತಿ ತಿಂಗಳು ಮುಟ್ಟಾದಾಗ ಹೊಟ್ಟೆನೋವು, ವಾಂತಿಯಿಂದ ನರಳಿ ಎರಡು ದಿನ ಶಾಲೆ ತಪ್ಪಿಸುತ್ತಾಳೆ. ಮನೆಯವರು, ‘ಮದುವೆಯಾದ ಮೇಲೆ ಸರಿಹೋಗುತ್ತದೆ, ಈಗಲೇ ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ’ ಎನ್ನುತ್ತಾರೆ. ನಾವೇನು ಮಾಡಬಹುದು?

ಉತ್ತರ: ಮೊದಲು ಮನೆಯವರ ಭಯವನ್ನು ನಿವಾರಿಸಬೇಕು, ಏಕೆಂದರೆ ಆ ಭಯವೇ ಈ ಹುಡುಗಿಯನ್ನು ಚಿಕಿತ್ಸೆಯಿಂದ ದೂರ ಇಟ್ಟಿದೆ. ಮುಟ್ಟಿನ ಸಮಯದಲ್ಲಿ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗಿ, ಗರ್ಭಕೋಶದ ಸ್ನಾಯುಗಳನ್ನು ಬಿಗಿಯಾಗಿ ಹಿಂಡುತ್ತದೆ. ಅದೇ ರಾಸಾಯನಿಕ ಕರುಳಿನ ಮೇಲೂ ಪರಿಣಾಮ ಬೀರುವುದರಿಂದ ಕೆಲವರಿಗೆ ವಾಂತಿ, ಭೇದಿ ಆಗುತ್ತವೆ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್‌ನಂಥ ಮಾತ್ರೆಗಳು ಅದರ ಉತ್ಪತ್ತಿಯನ್ನು ಕಡಿಮೆ ಮಾಡುತ್ತವೆ. ಇವು ಹಾರ್ಮೋನುಗಳಲ್ಲ. ತಿಂಗಳಲ್ಲಿ ಎರಡು ಮೂರು ದಿನ ಇವನ್ನು ತೆಗೆದುಕೊಂಡರೆ ಬಂಜೆತನ ಬರುವುದಿಲ್ಲ.

‘ಮಾತ್ರೆ ತಗೊಂಡರೂ ಕಡಿಮೆಯಾಗಲಿಲ್ಲ’ ಎನ್ನುವ ಹುಡುಗಿಯರನ್ನು ವಿಚಾರಿಸಿದರೆ, ಹೆಚ್ಚಿನವರು ನೋವು ತಡೆಯಲಾಗದ ಹಂತಕ್ಕೆ ಬರುವವರೆಗೂ ಕಾದಿರುತ್ತಾರೆ. ಈಗಾಗಲೇ ಉತ್ಪತ್ತಿಯಾದ ರಾಸಾಯನಿಕವನ್ನು ಮಾತ್ರೆ ಹಿಂದಕ್ಕೆ ಕಳಿಸಲಾರದು. ಆದ್ದರಿಂದ ರಕ್ತಸ್ರಾವ ಅಥವಾ ನೋವಿನ ಮೊದಲ ಸೂಚನೆ ಕಂಡಾಗಲೇ, ಊಟವಾದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಅಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಇವು ಹೊಂದದಿರಬಹುದು. ಹಾಗಾಗಿ ನೀವೇ ಮಾತ್ರೆ ಕೊಡುವುದು ಬೇಡ. ವೈದ್ಯರ ಚೀಟಿಯನ್ನೂ ಪೋಷಕರ ಒಪ್ಪಿಗೆ ಪತ್ರವನ್ನೂ ಪಡೆದು, ಅವಳ ಮಾತ್ರೆಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲದ ಶಾಖವೂ ನಿಜವಾಗಿ ನೆರವಾಗುತ್ತದೆ. ಅರ್ಧ ಗಂಟೆ ಮಲಗಲು ಒಂದು ಬೆಂಚು, ಒಂದು ಚಾಪೆ ಸಿಕ್ಕರೆ ಅನೇಕ ಮಕ್ಕಳು ಮನೆಗೆ ಹೋಗದೆ ಮುಂದಿನ ಪಿರಿಯಡ್‌ಗೆ ಮರಳುತ್ತಾರೆ.

ಕರ್ನಾಟಕದಲ್ಲಿ ‘ಶುಚಿ’ ಯೋಜನೆಯ ಪ್ಯಾಡ್‌ಗಳನ್ನು ಶಾಲಾ ಬಾಲಕಿಯರಿಗೆ ಉಚಿತವಾಗಿ ಕೊಡಲಾಗುತ್ತದೆ. ಅವು ಮುಖ್ಯಶಿಕ್ಷಕರ ಕಪಾಟಿನಲ್ಲಿದ್ದು, ಹುಡುಗಿ ಎಲ್ಲರೆದುರು ಕೈಚಾಚಬೇಕಾದರೆ ಕೊಟ್ಟೂ ಕೊಡದಂತೆಯೇ ಎಂಬುದು ನನ್ನ ಅಭಿಪ್ರಾಯ. ಶೌಚಾಲಯದಲ್ಲಿಯೇ ಪ್ಯಾಡ್, ನೀರು, ಮುಚ್ಚಳವಿರುವ ಬುಟ್ಟಿ ಇರಲಿ. ಕಾರಣ ಹೇಳದೆ ತರಗತಿಯಿಂದ ಹೊರಹೋಗಲು ಹುಡುಗಿಯರಿಗೆ ಅನುಮತಿ ಇದೆಯೆಂದು ದೈಹಿಕ ಶಿಕ್ಷಕರೂ ಸೇರಿದಂತೆ ಎಲ್ಲ ಸಹೋದ್ಯೋಗಿಗಳಿಗೆ ಮುಂಚೆಯೇ ತಿಳಿಸಿಬಿಡಿ.

ಆದರೆ ಎಲ್ಲ ನೋವೂ ‘ಇದ್ದದ್ದೇ’ ಅಲ್ಲ. ಮೂರು ತಿಂಗಳು ಸರಿಯಾದ ಸಮಯಕ್ಕೆ ಮಾತ್ರೆ ತೆಗೆದುಕೊಂಡರೂ ಶಾಲೆ ತಪ್ಪುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋಯುತ್ತಿದ್ದರೆ, ಸ್ರಾವ 7 ದಿನ ಮೀರಿದರೆ ಅಥವಾ ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದುಹೋಗುತ್ತಿದ್ದರೆ ಸ್ತ್ರೀರೋಗ ತಜ್ಞರು ನೋಡಲೇಬೇಕು. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ‘ಎಂಡೊಮೆಟ್ರಿಯೋಸಿಸ್’ ಹದಿಹರೆಯದಲ್ಲೂ ಕಾಣಿಸಿಕೊಳ್ಳುತ್ತದೆ, ಅದು ಮದುವೆಯಿಂದ ವಾಸಿಯಾಗುವ ಕಾಯಿಲೆಯಲ್ಲ. ಅತಿಸ್ರಾವವಿದ್ದರೆ ರಕ್ತಹೀನತೆಯ ಪರೀಕ್ಷೆಯೂ ಆಗಲಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ‘ಸ್ನೇಹಾ ಕ್ಲಿನಿಕ್’ಗಳಿವೆ. ಸಾಧ್ಯವಾದರೆ ತಾಯಿಯ ಜೊತೆಗೆ ಅಜ್ಜಿಯನ್ನೂ ಕರೆದೊಯ್ಯಲು ಹೇಳಿ. ಅಲ್ಲಿಯವರೆಗೆ ಮುಟ್ಟಾದ ದಿನ, ಸ್ರಾವ ನಿಂತ ದಿನ, ಬಳಸಿದ ಪ್ಯಾಡ್‌ಗಳು, ನೋವು ಎಷ್ಟಿತ್ತು ಎಂಬುದನ್ನು ಆ ಹುಡುಗಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಲಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಇವೇ ಆಗಿರುತ್ತವೆ.