ಮೂರು ವಾರದ ಓದು, ಮೂರು ಲಕ್ಷದ ಲೆಕ್ಕ

ಓದುಗರ ಪತ್ರ: ನಾನು ಚಿತ್ರದುರ್ಗದವಳು, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಈ ರಜೆಯಲ್ಲಿ ಜರ್ಮನಿಯ ಫ್ರೈಬುರ್ಗ್‌ಗೆ ಹೋಗಿ, ಸೌರ ಮತ್ತು ಗಾಳಿ ವಿದ್ಯುತ್ತಿನ ಮೂರು ವಾರದ ಕೋರ್ಸ್ ಮಾಡಿ ಬಂದೆ. ಈರುಳ್ಳಿಗೆ ರೇಟು ಬಂದ ವರ್ಷ ಅಪ್ಪ ಎತ್ತಿಟ್ಟಿದ್ದ ಮೂರು ಲಕ್ಷ ಖರ್ಚಾಯಿತು. ಅಲ್ಲಿ ಕೊಟ್ಟ 5 ಕ್ರೆಡಿಟ್‌ಗಳನ್ನು ನಮ್ಮ ಕಾಲೇಜು ಒಪ್ಪಲಿಲ್ಲ. 'ಟೂರ್ ಹೊಡ್ಕೊಂಡು ಬಂದ್ಲು' ಅಂತ ನೆಂಟರು ನಗುತ್ತಾರೆ. ಅಲ್ಲಿನ ಮೇಷ್ಟ್ರು 'ನಿಮ್ಮೂರಿನ ಗಾಳಿಯಂತ್ರ ಯಾರವು?' ಅಂದಾಗ ನನಗೆ ಬಾಯೇ ಬರಲಿಲ್ಲ. ದುಡ್ಡು ದಂಡ ಆಯ್ತಾ? ಚಿಕ್ಕಪ್ಪನ ಮಗನೂ ಹೋಗ್ತೀನಿ ಅಂತಿದ್ದಾನೆ, ಅವನಿಗೆ ಏನು ಹೇಳಲಿ?

ಸಂಪಾದಕರ ಉತ್ತರ:

ಮೊದಲು ನೆಂಟರ ಲೆಕ್ಕ ಮುಗಿಸೋಣ. ಯುರೋಪಿನಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಪಾಠ, ಓದು, ಬರಹ ಎಲ್ಲ ಸೇರಿ. 5 ಕ್ರೆಡಿಟ್‌ಗೆ ಕಡಿಮೆ ಅಂದರೂ 125 ಗಂಟೆ ಆಯಿತು. ಮೂರು ವಾರದಲ್ಲಿ ಶನಿವಾರ, ಭಾನುವಾರ ಕಳೆದರೆ ಉಳಿಯುವುದು 15 ದಿನ. ದಿನಕ್ಕೆ ಎಂಟು ಗಂಟೆ ಮೀರಿತು. ಇಷ್ಟು ದುಡಿಸುವ ಟೂರ್ ಇದ್ದರೆ ನಗುವವರೂ ಒಮ್ಮೆ ಹೋಗಿ ಬರಲಿ.

ಕಾಲೇಜಿನ ವಿಷಯದಲ್ಲಿ ಈಗ ಮಾಡುವುದಕ್ಕೆ ಜಾಸ್ತಿ ಏನಿಲ್ಲ. ಹೊರಡುವ ಮುಂಚೆಯೇ ಸಿಲಬಸ್ ತೋರಿಸಿ, ಕ್ರೆಡಿಟ್ ಒಪ್ಪುತ್ತೇವೆ ಎಂದು ಬರೆಸಿಕೊಳ್ಳಬೇಕಿತ್ತು. ಅಂಕಪಟ್ಟಿ ಜೋಪಾನವಾಗಿರಲಿ. ಮುಂದೆ ಎಂ.ಎಸ್.ಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ.

ನನಗೆ ನಿಮ್ಮ ಪತ್ರದಲ್ಲಿ ಹಿಡಿಸಿದ್ದು ಆ ಮೇಷ್ಟ್ರ ಪ್ರಶ್ನೆ. ಅವರು ಸುಮ್ನೆ ಕೇಳಿರಲಿಕ್ಕಿಲ್ಲ. ಫ್ರೈಬುರ್ಗ್ ಪಕ್ಕದ ರೋಸ್‌ಕೋಪ್ ಬೆಟ್ಟದ ಮೇಲೆ 2003ರಲ್ಲಿ ಗಾಳಿಯಂತ್ರ ನೆಟ್ಟಾಗ ಊರಿನ ಜನರೇ ಪಾಲು ಹಾಕಿ ದುಡ್ಡು ಹೂಡಿದ್ದರು. ಅದಕ್ಕೂ ಮುಂಚಿನ ಕಥೆ ಇದೆ. 1975ರಲ್ಲಿ ಹತ್ತಿರದ ವೀಲ್ ಎಂಬ ಹಳ್ಳಿಯಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಲು ಹೊರಟಾಗ ದ್ರಾಕ್ಷಿ ಬೆಳೆಗಾರರು ಜಾಗಕ್ಕೇ ನುಗ್ಗಿ ಕೂತರು. ಸ್ಥಾವರದ ಹಬೆಯಿಂದ ಬಿಸಿಲು ಮರೆಯಾಗಿ ಬೆಳೆ ಹಾಳಾದೀತು ಅನ್ನೋದು ಅವರ ಭಯ. ಫ್ರೈಬುರ್ಗ್‌ನ ವಿದ್ಯಾರ್ಥಿಗಳೂ ಜೊತೆಗೂಡಿದರು. ಕೊನೆಗೆ ಆ ಸ್ಥಾವರ ಕಟ್ಟಲೇ ಇಲ್ಲ. ಅಂಥ ಊರಿನವರಿಗೆ ಕರೆಂಟು ಅಂದ ಕೂಡಲೇ 'ಯಾರದು?' ಎಂಬ ಪ್ರಶ್ನೆ ತಾನಾಗೇ ಬರುತ್ತದೆ.

ನಮಗೆ ಬರುವುದಿಲ್ಲ. ಬೆಂಗಳೂರಿನಿಂದ ಬರುವಾಗ ಗುಡ್ಡದ ಮೇಲೆ ಫ್ಯಾನು ಕಂಡರೆ 'ದುರ್ಗ ಬಂತು' ಅಂತ ಬ್ಯಾಗ್ ಇಳಿಸಿಕೊಳ್ಳುತ್ತೇವೆ, ಅಷ್ಟೇ ಅಲ್ವಾ? ಆ ಗುಡ್ಡದ ಜಾಗ ಅರಣ್ಯದ್ದೋ, ಕಂದಾಯದ್ದೋ, ರೈತರದ್ದೋ? ಕರೆಂಟು ಬೆಸ್ಕಾಂಗೆ ಹೋಗುತ್ತದೋ, ಯಾವುದೋ ಫ್ಯಾಕ್ಟರಿಗೋ? ಪಂಚಾಯಿತಿಗೆ ಬರುವ ತೆರಿಗೆ ಎಷ್ಟು? ನಮ್ಮ ಜಿಲ್ಲೆಗೆ ಅಂಟಿಕೊಂಡ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಅಲ್ಲಿ ರೈತರ ಜಮೀನು ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಜಮೀನಿದ್ದವರಿಗೆ ಅದರಿಂದ ಆದಾಯ ಬಂತು, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನು ಸಿಕ್ಕಿತು ಅನ್ನುವುದು ಬೇರೆ ಮಾತು. ಇಂಥದ್ದನ್ನು ಕೆದಕಲು ಎಲೆಕ್ಟ್ರಿಕಲ್ ಓದಿದ ಒಬ್ಬರು ಬೇಕು. ಕೊನೆ ವರ್ಷದ ಪ್ರಾಜೆಕ್ಟ್‌ಗೆ ಇದನ್ನೇ ಹಿಡಿಯಿರಿ. ಅದಕ್ಕೆ ಕಾಲೇಜು ಕ್ರೆಡಿಟ್ ಕೊಡಲೇಬೇಕು! ದಂಡವೋ ಅಲ್ಲವೋ ಅನ್ನೋದು ಅಲ್ಲಿ ತೀರ್ಮಾನ ಆಗುತ್ತದೆ, ನೆಂಟರ ಜಗಲಿ ಮೇಲೆ ಅಲ್ಲ.

ಅಪ್ಪನಿಗೆ ಬರೀ ಫೋಟೋ ತೋರಿಸಿ ಬಿಡಬೇಡಿ. ಅಲ್ಲಿ ಬರೆದ ರಿಪೋರ್ಟ್ ಮುಂದಿಟ್ಟುಕೊಂಡು ಕನ್ನಡದಲ್ಲಿ ವಿವರಿಸಿ. ಗುಡ್ಡದ ಜಮೀನು ಯಾರದು ಅನ್ನುವುದಕ್ಕೆ ಮೊದಲ ಸುಳಿವು ಅವರಿಂದಲೇ ಸಿಕ್ಕರೂ ಸಿಗಬಹುದು.

ಇನ್ನು ನಿಮ್ಮ ತಮ್ಮ. ಬೇಸಿಗೆ ಕೋರ್ಸ್ ಹೆಸರಿನಲ್ಲಿ ಬರೀ ಪ್ರವಾಸ ಮಾರುವ ಏಜೆಂಟರೂ ಇದ್ದಾರೆ. ಅಡ್ಮಿಷನ್ ಪತ್ರ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಬರಬೇಕು. ಪರೀಕ್ಷೆಯೋ ರಿಪೋರ್ಟೋ ಇರಬೇಕು, ಅಂಕಪಟ್ಟಿ ಸಿಗಬೇಕು. 'ಭಾಗವಹಿಸಿದ್ದಾರೆ' ಅನ್ನುವ ಸರ್ಟಿಫಿಕೇಟ್ ಮಾತ್ರ ಕೊಟ್ಟರೆ ಅದು ನಿಜಕ್ಕೂ ಟೂರೇ, ನೆಂಟರು ನಗಲಿ. ಫೀಸಿನ ಜೊತೆ ವೀಸಾ ಖರ್ಚು, 30,000 ಯೂರೋವರೆಗಿನ ಚಿಕಿತ್ಸೆ ಖರ್ಚು ಭರಿಸುವ ಆರೋಗ್ಯ ವಿಮೆಯ ಕಂತು, ವೀಸಾಕ್ಕೆಂದು ಬೆಂಗಳೂರಿಗೆ ಓಡಾಟ, ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳಲಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಅದಕ್ಕೆ ಈ ವಾರವೇ ಅರ್ಜಿ ಹಾಕಲಿ.